ಅಂಕಪಟ್ಟಿಯ ಬೀಗದ ಕೈ ಯಾರ ಬಳಿ ಇದೆ?

ಪುನರ್ವಸು, ಪುಷ್ಯ ಮಳೆ ಹಿಡಿದು ಹೊಡೆಯುವ ದಿನಗಳಲ್ಲಿ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ರಾತ್ರಿಯಾದರೆ ಒಂದೇ ಪ್ರಶ್ನೆ: ನಾಳೆ ರಜೆನಾ? ಜಿಲ್ಲಾಧಿಕಾರಿಗಳ ಆದೇಶ ಬರುವ ಮೊದಲೇ ಕೆಲವೊಮ್ಮೆ ಒಂದು ‘ಆದೇಶ’ ಬಂದುಬಿಡುತ್ತದೆ. ಸರ್ಕಾರಿ ಲಾಂಛನ, ಕಡತದ ಸಂಖ್ಯೆ, ಸಹಿ, ಮೊಹರು ಎಲ್ಲವೂ ಅದರಲ್ಲಿ ಸರಿಯಾಗಿಯೇ ಇರುತ್ತವೆ. ಹಳೆಯ ಆದೇಶದ ದಿನಾಂಕವನ್ನಷ್ಟೇ ಯಾರೋ ಮೊಬೈಲಿನಲ್ಲಿ ತಿದ್ದಿರುತ್ತಾರೆ. ಇಂಥ ನಕಲಿ ರಜೆ ಆದೇಶಗಳನ್ನು ನಂಬಬೇಡಿ ಎಂದು ಮಲೆನಾಡು, ಕರಾವಳಿಯ ಜಿಲ್ಲಾಡಳಿತಗಳು ಸ್ಪಷ್ಟನೆ ಕೊಡುವುದು ಈಗ ಮಳೆಗಾಲದ ಮಾಮೂಲಿ ಕೆಲಸಗಳಲ್ಲೊಂದು.

ರಜೆಯ ಆದೇಶ ತಿದ್ದಿದವನಿಂದ ಹೆಚ್ಚೆಂದರೆ ಒಂದು ದಿನದ ಪಾಠ ತಪ್ಪೀತು. ಅದೇ ಕೈಚಳಕ ಪ್ರಾಂಶುಪಾಲರ ಭಾವಚಿತ್ರ ಹಾಕಿಕೊಂಡು, ‘ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ಅರ್ಜೆಂಟಾಗಿ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸಿ, ಸಂಜೆ ದುಡ್ಡು ಕೊಡುತ್ತೇನೆ’ ಎಂದು ಅತಿಥಿ ಉಪನ್ಯಾಸಕರೊಬ್ಬರ ಮೊಬೈಲಿಗೆ ಬಂದರೆ ಅವರ ಗೌರವಧನದ ದೊಡ್ಡ ಪಾಲು ನಿಮಿಷಗಳಲ್ಲಿ ಕರಗುತ್ತದೆ. 2022ರ ಆಸುಪಾಸಿನಲ್ಲಿ ದೇಶದ ಹಲವು ವಿಶ್ವವಿದ್ಯಾಲಯಗಳ ಕುಲಪತಿಗಳ ಹೆಸರು, ಚಿತ್ರ ಬಳಸಿ ಇಂಥ ಸಂದೇಶಗಳು ಸಿಬ್ಬಂದಿಗೆ ಹೋಗಿದ್ದವು. ಇದರಲ್ಲಿ ದೊಡ್ಡ ತಂತ್ರಜ್ಞಾನವೇನೂ ಇಲ್ಲ. ಮೇಲಿನವರು ಏನಾದರೂ ಹೇಳಿದರೆ ‘ನೀವೇನಾ ಸರ್?’ ಎಂದು ತಿರುಗಿ ಕೇಳುವ ರೂಢಿ ನಮ್ಮ ಕಚೇರಿಗಳಲ್ಲಿ ಇಲ್ಲ. ಕಳ್ಳ ಈ ಸಂಕೋಚವನ್ನು ಚೆನ್ನಾಗಿ ಬಲ್ಲ.

ಸೈಬರ್ ಸುರಕ್ಷತೆ ಅಂದರೆ ಬೆಂಗಳೂರಿನ ಐಟಿ ಕಂಪನಿಗಳ ತಲೆನೋವು ಎಂಬ ಭಾವನೆ ಕಾಫಿ ಸೀಮೆಯ ಕಾಲೇಜುಗಳಲ್ಲಿ ಇನ್ನೂ ಉಳಿದಿದ್ದರೆ ಅದನ್ನು ಬಿಡುವ ಕಾಲ ಬಂದಿದೆ. ಚಿಕ್ಕಮಗಳೂರು ಜಿಲ್ಲೆಯ ಪದವಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜು ಬೆಳಗಾವಿಯ ವಿಟಿಯುಗೆ ಸೇರಿದ್ದು. ಮೂಡಿಗೆರೆಯ ತೋಟಗಾರಿಕೆ ಕಾಲೇಜು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಆಡಳಿತ ಕಚೇರಿಗಳೆಲ್ಲ ಜಿಲ್ಲೆಯಾಚೆ ಇವೆ. ಆದರೆ ಅವುಗಳ ಗಣಕ ವ್ಯವಸ್ಥೆಯೊಳಗೆ ಹೋಗುವ ಲಾಗಿನ್‌ಗಳು ಇಲ್ಲಿನ ಗುಮಾಸ್ತರು, ಉಪನ್ಯಾಸಕರು, ಗ್ರಂಥಪಾಲಕರ ಕೈಯಲ್ಲೇ ಇವೆ.

ಆ ಲಾಗಿನ್‌ಗಳಿಂದ ಏನೇನು ಸಾಧ್ಯ ಎಂದು ನೋಡಿದರೆ ವಿಷಯದ ತೂಕ ಗೊತ್ತಾಗುತ್ತದೆ. 2021–22ರ ಹೊತ್ತಿಗೆ ರಾಜ್ಯದ ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಸಮಗ್ರ ತಂತ್ರಾಂಶ ಬಂತು, ಅದೇ ಯುಯುಸಿಎಂಎಸ್. ಪ್ರವೇಶ, ಶುಲ್ಕ, ಪರೀಕ್ಷಾ ಅರ್ಜಿ, ಆಂತರಿಕ ಮೌಲ್ಯಮಾಪನದ ಅಂಕ, ಫಲಿತಾಂಶ ಎಲ್ಲವೂ ಅದರೊಳಗೆ. ಸರ್ಕಾರಿ ಕಾಲೇಜಿನ ಸಂಬಳದ ಬಿಲ್ಲು ಎಚ್‌ಆರ್‌ಎಂಎಸ್‌ನಲ್ಲಿ ತಯಾರಾಗಿ ಖಜಾನೆ–2ರ ಮೂಲಕ ಪಾಸಾಗುತ್ತದೆ. ವಿದ್ಯಾರ್ಥಿವೇತನ ರಾಜ್ಯದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿಯಲ್ಲಿ. ಕಳಸದ ಆಚೆಯ ಹಳ್ಳಿಯಿಂದ ಬಸ್ಸಿಗಾಗಿ ಮೈಲಿಗಟ್ಟಲೆ ನಡೆದು ಬರುವ ಹುಡುಗಿಯ ಅಂಕ, ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ಸಂಖ್ಯೆ ಹೀಗೆ ಒಂದು ಪಾಸ್‌ವರ್ಡಿನ ಹಿಂದೆ ಕುಳಿತಿವೆ. ಆ ಪಾಸ್‌ವರ್ಡು ಕಾಲೇಜಿನ ಹೆಸರಿಗೆ ‘@123’ ಸೇರಿಸಿದ್ದಾಗಿದ್ದರೆ, ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿದ್ದರೆ ಆ ಹುಡುಗಿ ತನ್ನ ತಪ್ಪಿಲ್ಲದೆ ಅಪಾಯದಲ್ಲಿದ್ದಾಳೆ.

ಹಂಚಿಕೊಂಡ ಪಾಸ್‌ವರ್ಡು, ಬಿಟ್ಟುಹೋದ ಲಾಗಿನ್ನು

ಸಣ್ಣ ಕಾಲೇಜುಗಳ ಪರಿಸ್ಥಿತಿ ತಿಳಿಯದೆ ಉಪದೇಶ ಮಾಡುವುದು ಸುಲಭ. ಕಚೇರಿಯಲ್ಲಿ ಮೂವರು ಇರಬೇಕಾದ ಜಾಗದಲ್ಲಿ ಒಬ್ಬರಿರುತ್ತಾರೆ. ಕಂಪ್ಯೂಟರ್ ಕೆಟ್ಟರೆ ನೋಡಲು ಪ್ರತ್ಯೇಕ ಸಿಬ್ಬಂದಿ ಇರುವುದಿಲ್ಲ. ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವರನ್ನೇ ಕರೆಯುತ್ತಾರೆ. ಪ್ರಾಂಶುಪಾಲರು ಸಭೆಗೆಂದು ಶಿವಮೊಗ್ಗಕ್ಕೆ ಹೋದ ದಿನವೇ ಪರೀಕ್ಷಾ ಶುಲ್ಕದ ಕೊನೆಯ ದಿನ ಬಂದಿರುತ್ತದೆ. ಆಗ ಕಚೇರಿಯಿಂದ ಫೋನು ಹೋಗುತ್ತದೆ: ‘ಸರ್, ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬಂದಿರತ್ತೆ, ಸ್ವಲ್ಪ ಹೇಳಿ.’ ಅವರು ಹೇಳುತ್ತಾರೆ. ಕೆಲಸ ಆಗುತ್ತದೆ. ಡಿಜಿಟಲ್ ಸಹಿಯ ಡಿಎಸ್‌ಸಿ ಕೀ ಗುಮಾಸ್ತರ ಡ್ರಾಯರಿನಲ್ಲಿರುತ್ತದೆ, ಅದರ ಪಿನ್ನು ಅವರ ಡೈರಿಯಲ್ಲಿರುತ್ತದೆ.

ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೆ ಓಟಿಪಿಯನ್ನು ಫೋನಿನಲ್ಲಿ ಹೇಳುವುದು ವಾರಕ್ಕೆರಡು ಸಲ ನಡೆಯುವ ಕಚೇರಿ ಕೆಲಸವಾಗಿಬಿಟ್ಟರೆ, ಒಂದು ದಿನ ಕಚೇರಿಯವರ ಹೆಸರು ಹೇಳಿಕೊಂಡು ಬೇರೆ ಯಾರೋ ಕೇಳಿದಾಗಲೂ ಬಾಯಿ ತಾನಾಗಿ ಹೇಳುತ್ತದೆ. ಇದಕ್ಕೆ ಪರಿಹಾರ ಸಿಬ್ಬಂದಿಯನ್ನು ಗದರಿಸುವುದಲ್ಲ. ಯಾರಿಗೆ ಯಾವ ಕೆಲಸವೋ ಅವರ ಹೆಸರಿನಲ್ಲೇ, ಆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದ ಲಾಗಿನ್ ಕೊಡಿಸುವುದು. ಅದನ್ನು ಕೇಳಿ ಪಡೆಯಬೇಕಾದ್ದು ಪ್ರಾಂಶುಪಾಲರು, ಕೊಡಬೇಕಾದ್ದು ವಿಶ್ವವಿದ್ಯಾಲಯ.

ಪರಿಶೀಲನೆಯ ಅಧಿಕಾರ ತಪ್ಪು ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಬಯಲಾದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಹಗರಣ ತೋರಿಸಿತು. ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ಹಲವು ರಾಜ್ಯಗಳಲ್ಲಿ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಡೆಯದೇ ಇರುವಂಥವು ಎಂದು ಕಂಡುಬಂತು. ಅವುಗಳ ಮೂಲಕ ಹೋದ ಹಣ ಸುಮಾರು 144 ಕೋಟಿ ರೂಪಾಯಿ. ಆ ವರ್ಷದ ಆಗಸ್ಟ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗಬೇಕಾದರೆ ಯಾರಾದರೊಬ್ಬ ನೋಡಲ್ ಅಧಿಕಾರಿಯ ಲಾಗಿನ್‌ನಿಂದ ‘ಪರಿಶೀಲಿಸಲಾಗಿದೆ’ ಎಂದು ಒತ್ತಿರಲೇಬೇಕು. ಆ ಗುಂಡಿಯ ಬೆಲೆ ಅಷ್ಟು.

ಇನ್ನೊಂದು ಸಮಸ್ಯೆ ಬಿಟ್ಟುಹೋದವರದ್ದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. ವರ್ಷ ವರ್ಷ ಕಾಲೇಜು ಬದಲಾಗುವವರು ಅವರಲ್ಲಿ ಬಹಳ. ಅಂಕ ತುಂಬಲು ಅವರಿಗೆ ಕೊಟ್ಟ ಲಾಗಿನ್, ವಿಭಾಗದ ಇ–ಮೇಲ್‌ನ ಪಾಸ್‌ವರ್ಡ್, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಹಕ್ಕು ಅವರು ಹೋದ ಮೇಲೂ ಹಾಗೇ ಉಳಿದಿರುತ್ತವೆ. ಕಾಫಿ ಕೊಯ್ಲಿನ ನಂತರ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಕಾಯಿಯನ್ನು ಹೆಕ್ಕಿಸದೆ ಬಿಟ್ಟರೆ ಕಾಯಿಕೊರಕ ಅದರೊಳಗೇ ಕಾಲ ಕಳೆದು ಮುಂದಿನ ಫಸಲಿಗೆ ಹತ್ತುತ್ತದೆ ಎಂಬುದು ಇಲ್ಲಿನ ಪ್ರತಿ ಬೆಳೆಗಾರನಿಗೂ ಗೊತ್ತು. ಬಿಟ್ಟುಹೋದ ಲಾಗಿನ್‌ಗಳೂ ಹಾಗೆಯೇ. ಹೋದವರು ಒಳ್ಳೆಯವರೇ ಇರುತ್ತಾರೆ. ಆದರೆ ಅವರ ಹಳೆಯ ಮೊಬೈಲು ಮಾರಾಟವಾಗುತ್ತದೆ, ಪಾಸ್‌ವರ್ಡು ಬೇರೆಲ್ಲೋ ಸೋರುತ್ತದೆ. ಆ ಕದ ತೆರೆದೇ ಇದೆ ಎಂಬುದು ಕಾಲೇಜಿನಲ್ಲಿ ಯಾರಿಗೂ ನೆನಪಿರುವುದಿಲ್ಲ. ಸೆಮಿಸ್ಟರ್ ಮುಗಿದ ವಾರದಲ್ಲಿ ಪಟ್ಟಿ ಹಿಡಿದು ಕೂತು ಮುಚ್ಚಿಸಿದರೆ ಅರ್ಧ ದಿನದ ಕೆಲಸ.

ಕಚೇರಿ ತನ್ನ ವಶದಲ್ಲಿರುವ ದಾಖಲೆಯನ್ನು ಜೋಪಾನ ಮಾಡದಿದ್ದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದ ಉದಾಹರಣೆ ಇದೆ. 2023ರಲ್ಲಿ ಮಂಗಳೂರು, ಬೆಂಗಳೂರು ಮೊದಲಾದ ಕಡೆ ಆಸ್ತಿ ನೋಂದಣಿಗೆ ಹೋಗಿಬಂದ ಜನರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆಯನ್ನು ಕದ್ದು, ನಕಲಿ ಬೆರಳಚ್ಚು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದಿದ್ದರು. ಆಮೇಲೆ ನೋಂದಣಿ ಇಲಾಖೆ ಕಾವೇರಿ ತಂತ್ರಾಂಶದ ದಾಖಲೆ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಿತು. ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಹೇಳಿದರು. ಆ ಸಲಹೆ ಇಂದಿಗೂ ಅಷ್ಟೇ ಬೆಲೆಯುಳ್ಳದ್ದು. ಕಾಲೇಜು ಕಚೇರಿಗಳ ಬೀರುಗಳಲ್ಲಿ, ಪೆನ್‌ಡ್ರೈವ್‌ಗಳಲ್ಲಿ, ‘ಅಡ್ಮಿಷನ್ ಫೈನಲ್’ ಎಂಬ ಫೋಲ್ಡರುಗಳಲ್ಲಿ ಎಷ್ಟು ವಿದ್ಯಾರ್ಥಿಗಳ ಆಧಾರ್ ಪ್ರತಿಗಳಿವೆ, ಅವು ಇನ್ನೂ ಬೇಕೇ ಎಂದು ಕೇಳಿಕೊಳ್ಳಲೂ ಆ ಘಟನೆ ಸಾಕು.

ಮಾಸ್ಟ್ರಿಕ್ಟ್‌ನಲ್ಲಿ ನಡೆದದ್ದು

ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಕಥೆಯನ್ನು ಪ್ರತಿ ಕಾಲೇಜಿನ ಸಿಬ್ಬಂದಿ ಸಭೆಯಲ್ಲಿ ಒಮ್ಮೆಯಾದರೂ ಹೇಳಬೇಕು. 2019ರ ಅಕ್ಟೋಬರ್ ಮಧ್ಯದಲ್ಲಿ ಅಲ್ಲಿನ ಸಿಬ್ಬಂದಿಗೆ ಒಂದು ಇ–ಮೇಲ್ ಬಂತು. ಅದರಲ್ಲಿದ್ದ ಲಿಂಕ್ ಒತ್ತಿದರೆ ಒಂದು ಎಕ್ಸೆಲ್ ಕಡತ ತೆರೆಯುತ್ತಿತ್ತು. ಯಾರೋ ತೆರೆದರು. ಏನೂ ಆಗಲಿಲ್ಲ, ಅಂದರೆ ಆದದ್ದು ಕಣ್ಣಿಗೆ ಕಾಣಲಿಲ್ಲ. ಒಳಬಂದವರು ಎರಡು ತಿಂಗಳು ಸದ್ದಿಲ್ಲದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುತ್ತ ಹೋದರು. ಸುರಕ್ಷತಾ ಅಪ್‌ಡೇಟ್ ಹಾಕದೆ ಬಿಟ್ಟಿದ್ದ ಸರ್ವರ್ ಒಂದು ಅವರಿಗೆ ಮೆಟ್ಟಿಲಾಯಿತು. ಇಡೀ ಜಾಲದ ಹಿಡಿತ ಸಿಕ್ಕಿತು.

ಕ್ರಿಸ್‌ಮಸ್ ರಜೆ ಶುರುವಾಗುವ ಹೊತ್ತಿಗೆ, ಡಿಸೆಂಬರ್ 23ರ ಸಂಜೆ, 267 ವಿಂಡೋಸ್ ಸರ್ವರ್‌ಗಳ ಕಡತಗಳು ಒಮ್ಮೆಗೇ ಓದಲಾಗದಂತಾದವು. ಇ–ಮೇಲ್ ಇಲ್ಲ, ಸಂಶೋಧನೆಯ ದತ್ತಾಂಶ ಇಲ್ಲ. ಕೆಲವು ಬ್ಯಾಕಪ್‌ಗಳೂ ಅದೇ ಜಾಲಕ್ಕೆ ಜೋಡಿಸಿಕೊಂಡೇ ಇದ್ದುದರಿಂದ ಅವೂ ಹೋದವು. ಜನವರಿಯಲ್ಲಿ ಪರೀಕ್ಷೆಗಳಿದ್ದವು. ವಿಶ್ವವಿದ್ಯಾಲಯ ಕೊನೆಗೆ 30 ಬಿಟ್‌ಕಾಯಿನ್, ಆಗಿನ ಲೆಕ್ಕದಲ್ಲಿ ಸುಮಾರು 2 ಲಕ್ಷ ಯೂರೊ, ಕೊಟ್ಟು ಕಡತಗಳನ್ನು ಬಿಡಿಸಿಕೊಂಡಿತು.

ಇಲ್ಲಿ ಮೆಚ್ಚಬೇಕಾದ ಸಂಗತಿ ಮುಂದಿನದು. 2020ರ ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯ ತನಿಖಾ ವರದಿಯನ್ನು ಬಹಿರಂಗವಾಗಿ ಮಂಡಿಸಿತು. ಎಲ್ಲಿ ತಪ್ಪಾಯಿತು, ಯಾವ ಸರ್ವರಿಗೆ ಅಪ್‌ಡೇಟ್ ಇರಲಿಲ್ಲ, ಬ್ಯಾಕಪ್ ಏಕೆ ಉಳಿಯಲಿಲ್ಲ ಎಂಬುದನ್ನೆಲ್ಲ ಬೇರೆ ವಿಶ್ವವಿದ್ಯಾಲಯಗಳ ಮುಂದಿಟ್ಟಿತು. ಮುಂದೆ ಪೊಲೀಸರು ಜಪ್ತಿ ಮಾಡಿದ ಸುಲಿಗೆ ಹಣದ ಒಂದು ಪಾಲು ಬಿಟ್‌ಕಾಯಿನ್ ಬೆಲೆ ಏರಿದ್ದರಿಂದ 2022ರ ಹೊತ್ತಿಗೆ ಸುಮಾರು 5 ಲಕ್ಷ ಯೂರೊ ಆಗಿತ್ತು. ಅದನ್ನು ಕಷ್ಟದಲ್ಲಿರುವ ವಿದ್ಯಾರ್ಥಿಗಳ ನೆರವಿಗೆ ಇಡುವುದಾಗಿ ವಿಶ್ವವಿದ್ಯಾಲಯ ಹೇಳಿತು.

ನಮ್ಮಲ್ಲಿ 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಗೆ ಇಂಥದ್ದೇ ದಾಳಿಯಾಗಿ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಗೂಢಲಿಪಿಯಾಯಿತು. ಹೊರರೋಗಿಗಳ ಚೀಟಿಯಿಂದ ಹಿಡಿದು ಎಲ್ಲವನ್ನೂ ವಾರಗಟ್ಟಲೆ ಕೈಯಲ್ಲಿ ಬರೆಯಬೇಕಾಯಿತು.

ಮಾಸ್ಟ್ರಿಕ್ಟ್‌ನ ಅನಾಹುತ ಶುರುವಾದದ್ದು ಒಂದು ಇ–ಮೇಲ್‌ನಿಂದ. ಹಾಗಾದರೆ ಬಂದ ಇ–ಮೇಲ್ ನಂಬುವುದು ಹೇಗೆ? ಲಿಂಕಿನ ವಿಳಾಸ ಓದಲು ಕಲಿಯುವುದು ಮೊದಲ ಹೆಜ್ಜೆ. ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ ಮುಂದಿನ ಜೋಡಿ ಓರೆಗೆರೆ ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಗೆ ಮುಂಚಿನ ಕೊನೆಯ ಭಾಗವೇ ನಿಜವಾದ ಮನೆತನ. ರಾಜ್ಯ ಸರ್ಕಾರದ ತಾಣವಾದರೆ ಅಲ್ಲಿ ಹೆಚ್ಚಾಗಿ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಇರುತ್ತದೆ. ವಿಶ್ವವಿದ್ಯಾಲಯವಾದರೆ ಸಾಮಾನ್ಯವಾಗಿ ‘ಎಸಿ ಡಾಟ್ ಇನ್’ ಅಥವಾ ‘ಇಡಿಯು ಡಾಟ್ ಇನ್’. ಈ ಎರಡನ್ನು ಅರ್ನೆಟ್ ಇಂಡಿಯಾ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ. ರಿಸರ್ವ್ ಬ್ಯಾಂಕ್ ಕೂಡ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕೆಂದು ಸೂಚಿಸಿತ್ತು. ಯುಯುಸಿಎಂಎಸ್ ಎಂಬ ಹೆಸರು ವಿಳಾಸದ ಆರಂಭದಲ್ಲಿದ್ದ ಮಾತ್ರಕ್ಕೆ ಅದು ಯುಯುಸಿಎಂಎಸ್ ಆಗುವುದಿಲ್ಲ. ಇ–ಮೇಲ್‌ನ ಲಿಂಕ್ ಬಿಟ್ಟು, ಬ್ರೌಸರಿನಲ್ಲಿ ಮೊದಲೇ ಉಳಿಸಿಟ್ಟುಕೊಂಡ ಬುಕ್‌ಮಾರ್ಕ್‌ನಿಂದಲೇ ಹೋಗುವುದು ಇದೆಲ್ಲಕ್ಕಿಂತ ಸರಳ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಎಂದೆಲ್ಲ ಹೆಸರಿಟ್ಟುಕೊಂಡು ಬರುವ ಎಪಿಕೆ ಕಡತವನ್ನಂತೂ ಮುಟ್ಟಲೇಬಾರದು. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಎಪಿಕೆ ಅಂದರೆ ಮೊಬೈಲಿಗೆ ಹೊಸ ಆ್ಯಪ್ ಸೇರಿಸುವ ಕಡತ, ಅದು ಒಳಹೊಕ್ಕರೆ ಬರುವ ಓಟಿಪಿಗಳನ್ನೂ ಓದಬಲ್ಲದು.

ಅಪ್‌ಡೇಟ್ ಎಂಬ ಮುಂದೂಡಿದ ಕೆಲಸ

2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಸುಮಾರು 150 ದೇಶಗಳಲ್ಲಿ ಲಕ್ಷಾಂತರ ಕಂಪ್ಯೂಟರುಗಳನ್ನು ಹಿಡಿದಾಗ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ತತ್ತರಿಸಿದವು. ಆ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೊಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಸಮಯವಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಕಾಫಿ ಸೀಮೆಯಲ್ಲಿ ‘ಆಮೇಲೆ ನೆನಪಿಸು’ ಒತ್ತುವುದಕ್ಕೆ ಸೋಮಾರಿತನವೇ ಕಾರಣ ಎನ್ನುವಂತಿಲ್ಲ. ಗಾಳಿಮಳೆಗೆ ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಬಿಎಸ್‌ಎನ್‌ಎಲ್ ಟವರಿನ ಬ್ಯಾಟರಿ ಮುಗಿದರೆ ನೆಟ್ಟೂ ಇಲ್ಲ. ಅರ್ಧ ಅಪ್‌ಡೇಟ್ ಆಗುವಾಗ ಕಂಪ್ಯೂಟರ್ ಆರಿಹೋದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯ ಸಹಜ. ಆದ್ದರಿಂದ ಇಲ್ಲಿಗೆ ಬೇಕಿರುವುದು ಇಲ್ಲಿನ ಹವಾಮಾನಕ್ಕೆ ಒಗ್ಗುವ ಕ್ರಮ. ಮೈಕ್ರೊಸಾಫ್ಟ್ ತನ್ನ ಸುರಕ್ಷತಾ ಅಪ್‌ಡೇಟ್‌ಗಳನ್ನು ತಿಂಗಳ ಎರಡನೇ ಮಂಗಳವಾರ ಕೊಡುತ್ತದೆ. ಭಾರತದಲ್ಲಿ ಅದು ಆ ರಾತ್ರಿ ಸಿಗುತ್ತದೆ. ಹಾಗಾಗಿ ಆ ವಾರದ ಒಂದು ಮಧ್ಯಾಹ್ನವನ್ನು ಯುಪಿಎಸ್ ಚೆನ್ನಾಗಿರುವ ಕೋಣೆಯಲ್ಲಿ ಈ ಕೆಲಸಕ್ಕೇ ಮೀಸಲಿಡಬಹುದು. ವಿಂಡೋಸ್‌ನಲ್ಲಿ ‘ಡೆಲಿವರಿ ಆಪ್ಟಿಮೈಸೇಷನ್’ ಎಂಬ ಆಯ್ಕೆ ಇದೆ. ಅದನ್ನು ಒಳಜಾಲಕ್ಕೆ ಹೊಂದಿಸಿದರೆ ಒಂದು ಕಂಪ್ಯೂಟರ್ ಇಳಿಸಿಕೊಂಡದ್ದನ್ನು ಲ್ಯಾಬಿನ ಉಳಿದವು ಅದರಿಂದಲೇ ಪಡೆಯುತ್ತವೆ. ಕಡಿಮೆ ವೇಗದ ಸಂಪರ್ಕವಿರುವ ಕಾಲೇಜಿಗೆ ಇದು ದೊಡ್ಡ ಅನುಕೂಲ.

ಅಪ್‌ಡೇಟ್ ಕೂಡ ಒಮ್ಮೊಮ್ಮೆ ಕೈಕೊಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿಯ ದೋಷವಿದ್ದ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಅನೇಕ ವಿಮಾನಗಳು ಹಾರಲಿಲ್ಲ. ಹೀಗಾಗಿ ಪರೀಕ್ಷೆಯ ಹಿಂದಿನ ದಿನ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಹಾಕಬಾರದು. ಮೊದಲು ಒಂದಕ್ಕೆ ಹಾಕಿ, ಎರಡು ದಿನ ನೋಡಿ, ಉಳಿದವಕ್ಕೆ ಹಾಕುವುದು ಜಾಣತನ. ಹಾಕದೇ ಇರುವುದಕ್ಕೆ ಮಾತ್ರ ಇದು ನೆಪವಾಗಬಾರದು.

ಈಗ ಎದುರಿಗಿರುವ ದೊಡ್ಡ ಪ್ರಶ್ನೆ ವಿಂಡೋಸ್ 10ರದು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ವಿಸ್ತರಿತ ಸುರಕ್ಷತಾ ಸೌಲಭ್ಯಕ್ಕೆ ನೋಂದಾಯಿಸಿಕೊಳ್ಳದ ಯಂತ್ರಗಳಿಗೆ ಹೊಸ ಬಿರುಕುಗಳನ್ನು ಮುಚ್ಚುವ ಅಪ್‌ಡೇಟ್ ಬರುವುದಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕಾದ್ದರಿಂದ ಹಳೆಯ ಅನೇಕ ಯಂತ್ರಗಳು ಅದಕ್ಕೆ ಹೊಂದುವುದಿಲ್ಲ. ಇವನ್ನು ಎಸೆಯಬೇಕೆಂದಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ‘ಕೈಟ್’ ಸಂಸ್ಥೆ ರೂಪಿಸಿದ ಉಚಿತ ಲಿನಕ್ಸ್ ಓಡುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಗ್ರಂಥಾಲಯದ, ಲ್ಯಾಬಿನ ಹಳೆಯ ಯಂತ್ರಗಳಿಗೆ ಅಂಥ ದಾರಿ ಇದ್ದೇ ಇದೆ.

ಕಚೇರಿಯ ಹಳೆ ಯಂತ್ರ ಬಿಡದಿರಲು ಕನ್ನಡದ್ದೇ ಆದ ಒಂದು ಕಾರಣವೂ ಇದೆ. ಎರಡು ದಶಕದ ಪತ್ರಗಳು, ನಡಾವಳಿಗಳು, ಪ್ರಶ್ನೆಪತ್ರಿಕೆಗಳು ನುಡಿ, ಬರಹದ ಹಳೆಯ ಫಾಂಟುಗಳಲ್ಲಿವೆ. ಹೊಸ ಯಂತ್ರದಲ್ಲಿ ತೆರೆದರೆ ಅಕ್ಷರ ಒಡೆದು ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತದೆ. ಕನ್ನಡ ತಂತ್ರಾಂಶಗಳ ಈ ಗೊಂದಲದ ಬಗ್ಗೆ ಮೂಡಿಗೆರೆಯಲ್ಲಿದ್ದುಕೊಂಡೇ ಗಟ್ಟಿ ದನಿ ಎತ್ತಿದವರು ಪೂರ್ಣಚಂದ್ರ ತೇಜಸ್ವಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಇಂದು ಯೂನಿಕೋಡ್ ಎಲ್ಲೆಡೆ ಇದೆ, ಹಳೆಯ ಕಡತಗಳನ್ನು ಅದಕ್ಕೆ ಬದಲಿಸುವ ಪರಿವರ್ತಕಗಳೂ ಇವೆ. ಒಂದು ಬೇಸಿಗೆ ರಜೆಯಲ್ಲಿ ಕೂತು ಮುಖ್ಯ ಕಡತಗಳನ್ನು ಬದಲಿಸಿಬಿಟ್ಟರೆ ಹಳೆಯ ಯಂತ್ರದ ಹಂಗು ಹರಿಯುತ್ತದೆ. ಅದರ ಬದಲು ಗೂಗಲ್‌ನಲ್ಲಿ ಹುಡುಕಿ, ಮೊದಲು ಕಂಡ ತಾಣದಿಂದ ಯಾರೋ ಇಟ್ಟ ‘ನುಡಿ’ಯನ್ನೋ ವಿಂಡೋಸ್ ‘ಕ್ರ್ಯಾಕ್’ ಅನ್ನೋ ಇಳಿಸಿಕೊಳ್ಳುವುದು ಕಳ್ಳನನ್ನು ಕೈಹಿಡಿದು ಒಳಗೆ ಕರೆದಂತೆ.

ಸಿಗ್ನಲ್ ಇಲ್ಲದ ಊರಿಗೆ ಇನ್ನೊಂದು ಮಾತು ಹೇಳಲೇಬೇಕು. 2020–21ರ ಲಾಕ್‌ಡೌನ್‌ನಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿದ್ದನ್ನು ನಾಡು ನೋಡಿದೆ. ಉಪನ್ಯಾಸಕರ ಮನೆಯಲ್ಲೂ ಅದೇ ಸ್ಥಿತಿ. ಎಸ್‌ಎಂಎಸ್ ಓಟಿಪಿ ಸಮಯ ಮುಗಿದ ಮೇಲೆ ಬರುತ್ತದೆ. ಅದಕ್ಕೇ ಎರಡು ಹಂತದ ಭದ್ರತೆಯನ್ನು ಆಫ್ ಮಾಡಿಟ್ಟವರಿದ್ದಾರೆ. ಆದರೆ ಅಥೆಂಟಿಕೇಟರ್ ಆ್ಯಪ್‌ಗಳಿಗೆ ನೆಟ್‌ವರ್ಕ್ ಬೇಡ. ಒಮ್ಮೆ ಖಾತೆಗೆ ಜೋಡಿಸಿಕೊಂಡರೆ ಗಡಿಯಾರದ ಲೆಕ್ಕದಲ್ಲಿ 30 ಸೆಕೆಂಡಿಗೊಂದು ಆರಂಕಿಯ ಸಂಖ್ಯೆಯನ್ನು ಫೋನೇ ತಯಾರಿಸುತ್ತದೆ. ಜಿಮೇಲ್, ಮೈಕ್ರೊಸಾಫ್ಟ್ ಖಾತೆಗಳಿಗೆ ಇದು ಉಚಿತ. ಎರಡನೇ ಹಂತ ಇದ್ದ ಖಾತೆಗಳ ಮೇಲಿನ ದಾಳಿಗಳಲ್ಲಿ ಶೇ 99.9ಕ್ಕೂ ಹೆಚ್ಚು ತಡೆಯಬಹುದು ಎಂದು ಮೈಕ್ರೊಸಾಫ್ಟ್ 2019ರಲ್ಲಿ ಹೇಳಿತ್ತು. ಇ–ಮೇಲ್ ಖಾತೆಗೆ ಇದನ್ನು ಹಾಕುವುದು ಎಲ್ಲಕ್ಕಿಂತ ಮೊದಲು, ಏಕೆಂದರೆ ಉಳಿದ ಎಷ್ಟೋ ಪಾಸ್‌ವರ್ಡ್‌ಗಳನ್ನು ಮರುಹೊಂದಿಸುವ ಪತ್ರ ಅಲ್ಲಿಗೇ ಬರುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ಹಳೆಯ ಸಲಹೆಯೊಂದು ಬದಲಾಗಿದೆ. ಮೂರು ತಿಂಗಳಿಗೊಮ್ಮೆ ಕಡ್ಡಾಯವಾಗಿ ಬದಲಿಸಬೇಕೆಂಬ ನಿಯಮ ಬೇಡ, ಉದ್ದ ಮುಖ್ಯ ಎಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿತು. ಪದೇ ಪದೇ ಬದಲಿಸಬೇಕಾದಾಗ ಜನ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ ನೆನಪಿನಲ್ಲೂ ಉಳಿಯುತ್ತದೆ, ಊಹಿಸಲೂ ಕಷ್ಟ. ಗಾದೆ, ಹಾಡಿನ ಸಾಲು, ಮಕ್ಕಳ ಹೆಸರು ಮಾತ್ರ ಬೇಡ.

ಇನ್ನು ಬ್ಯಾಕಪ್‌ನ ಮಾತು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಕೆಲಸ ಮಾಡುತ್ತಿದೆ. ಕಾಫಿ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು, ಒಂದು ತಳಿಯ ಗುಣ ತಿಳಿಯಲು ದಶಕಗಳೇ ಬೇಕು. ಹೀಗೆ ಕಾದು ಕೂಡಿಸಿದ ಅಂಕಿಅಂಶ ಒಮ್ಮೆ ಹೋದರೆ ಹಣ ಕೊಟ್ಟು ತರುವಂಥದ್ದಲ್ಲ. ಮೂಡಿಗೆರೆಯ ಕಾಲೇಜಿನಲ್ಲಿ ಏಲಕ್ಕಿ, ಮೆಣಸಿನ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಗೂ ಈ ಮಾತು ಅನ್ವಯ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬ್ಯಾಕಪ್ ತಂತ್ರಾಂಶದ ದೋಷದಿಂದ ಸುಮಾರು 77 ಟೆರಾಬೈಟ್ ಸಂಶೋಧನಾ ದತ್ತಾಂಶ ಅಳಿಸಿಹೋಯಿತು. ಅಲ್ಲಿ ಹ್ಯಾಕರ್ ಯಾರೂ ಇರಲಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ, ಕಳಸದ ಗುಡ್ಡಗಳು ಜರಿದದ್ದನ್ನು ಕಂಡವರಿಗೆ ಕಚೇರಿಯ ಒಂದೇ ಕಂಪ್ಯೂಟರನ್ನು ನಂಬಿ ಕೂರಬಾರದೆಂದು ಬೇರೆ ಹೇಳಬೇಕಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡಿನಲ್ಲಿ ಎಂಬುದು ಬಲ್ಲವರ ಲೆಕ್ಕ. ಜೊತೆಗೆ ಒಂದು ಹಾರ್ಡ್‌ಡಿಸ್ಕನ್ನು ಕೆಲಸವಾದ ಮೇಲೆ ಕಂಪ್ಯೂಟರಿನಿಂದ ಕಿತ್ತಿಡಬೇಕು. ಮಾಸ್ಟ್ರಿಕ್ಟ್‌ನಲ್ಲಿ ತಪ್ಪಿದ್ದು ಅದೇ.

ತಪ್ಪು ಹೇಳಿಕೊಂಡವರ ಜೊತೆ

ಕಚೇರಿಯ ಸುರಕ್ಷತೆ ಮನೆಯಿಂದ ಬೇರೆಯಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ‘ಡಿಜಿಟಲ್ ಅರೆಸ್ಟ್’ ಬಗ್ಗೆ ಎಚ್ಚರಿಸಿದಾಗ ಕೇಳಿಸಿದ್ದು ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯ ಧ್ವನಿಮುದ್ರಣ. ಪೊಲೀಸ್ ವೇಷ ತೊಟ್ಟು ವಿಡಿಯೊ ಕರೆಯಲ್ಲಿ ಬೆದರಿಸುವವರಿಗೆ ನಿವೃತ್ತಿಯ ಹಣ ಕೈಗೆ ಬಂದ ಅಧ್ಯಾಪಕರು ಸುಲಭದ ಗುರಿ. ವಿಡಿಯೊ ಕರೆಯಲ್ಲಿ ಬಂಧಿಸುವ ಕಾನೂನು ಭಾರತದಲ್ಲಿ ಇಲ್ಲ. 2024 ಒಂದೇ ವರ್ಷದಲ್ಲಿ ದೇಶದ ಜನ ಸೈಬರ್ ವಂಚನೆಯಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ತಿಳಿಸಿದೆ. ಹಿಂದಿನ ವರ್ಷ ಅದು 7,465 ಕೋಟಿ ಇತ್ತು.

ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಕಳ್ಳ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲು ತಡೆಹಿಡಿಯಲು ಬ್ಯಾಂಕುಗಳಿಗೆ ಸೂಚನೆ ಹೋಗುವುದು ಅಲ್ಲಿಂದ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲಾ ಕೇಂದ್ರದ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಮೊದಲ ಒಂದೆರಡು ಗಂಟೆ ಬಹಳ ಮುಖ್ಯ. ಆದರೆ ಆ ಗಂಟೆಗಳು ಹೆಚ್ಚಾಗಿ ‘ಯಾರಿಗೆ ಹೇಳಲಿ, ಏನಂದುಕೊಂಡಾರು’ ಎಂಬ ನಾಚಿಕೆಯಲ್ಲಿ ಕಳೆದುಹೋಗುತ್ತವೆ.

ಕಚೇರಿಯಲ್ಲೂ ಹಾಗೆಯೇ. ತಪ್ಪು ಲಿಂಕ್ ಒತ್ತಿದ ಗುಮಾಸ್ತೆ ಐದೇ ನಿಮಿಷದಲ್ಲಿ ಬಂದು ಹೇಳಿದರೆ ನೆಟ್ ಕೇಬಲ್ ಕಿತ್ತು, ಪಾಸ್‌ವರ್ಡ್ ಬದಲಿಸಿ, ವಿಶ್ವವಿದ್ಯಾಲಯಕ್ಕೆ ತಿಳಿಸಿ ಎಲ್ಲವನ್ನೂ ಉಳಿಸಿಕೊಳ್ಳಬಹುದು. ಮೆಮೊ ಕೊಟ್ಟಾರೆಂದು ಹೆದರಿ ಮುಚ್ಚಿಟ್ಟರೆ ಮಾಸ್ಟ್ರಿಕ್ಟ್‌ನಂತೆ ಎರಡು ತಿಂಗಳು ಕಳ್ಳ ಒಳಗೇ ಇರುತ್ತಾನೆ. ‘ತಕ್ಷಣ ಹೇಳಿದವರ ಮೇಲೆ ಕ್ರಮವಿಲ್ಲ’ ಎಂದು ಪ್ರಾಂಶುಪಾಲರು ಬರೆದೇ ಕೊಡಬೇಕು. ‘ನನ್ನ ಹೆಸರಿನಲ್ಲಿ ಯಾರಾದರೂ ಹಣ, ಓಟಿಪಿ ಕೇಳಿದರೆ ನನಗೆ ವಾಪಸ್ ಫೋನ್ ಮಾಡಿ, ರಾತ್ರಿ ಹತ್ತಾದರೂ ಬೇಸರವಿಲ್ಲ’ ಎಂದೂ ಅವರೇ ಹೇಳಬೇಕು. ಸಿಬ್ಬಂದಿಗೆ ಎದುರು ಪ್ರಶ್ನೆ ಕೇಳುವ ಧೈರ್ಯ ಹುಟ್ಟುವುದು ಮೇಲಿನಿಂದ ಇಂಥ ಮಾತು ಬಂದಾಗ ಮಾತ್ರ. ಗೃಹ ಸಚಿವಾಲಯದ ಸೂಚನೆಯಂತೆ ತಿಂಗಳ ಮೊದಲ ಬುಧವಾರವನ್ನು ‘ಸೈಬರ್ ಜಾಗೃತಿ ದಿನ’ವಾಗಿ ಆಚರಿಸಲು ಯುಜಿಸಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಹೇಳಿದೆ. ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳುವ ಬದಲು ಆ ದಿನ ಲಾಗಿನ್ ಪಟ್ಟಿಯನ್ನು ಪರಿಶೀಲಿಸಿದರೆ ಅದು ಸಾರ್ಥಕ.

ಕಾನೂನೂ ಹತ್ತಿರ ಬರುತ್ತಿದೆ. ಗಂಭೀರ ಸೈಬರ್ ಘಟನೆಗಳನ್ನು ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್–ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂತು. ದತ್ತಾಂಶದ ರಕ್ಷಣೆಗೆ ತಕ್ಕ ಕ್ರಮ ಕೈಗೊಳ್ಳದಿದ್ದರೆ ಅದರಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಅವಧಿ ಕೊಟ್ಟಿದ್ದಾರೆ. ಅಷ್ಟರೊಳಗೆ ಪ್ರತಿ ಕಾಲೇಜು ತನ್ನಲ್ಲಿರುವ ವಿದ್ಯಾರ್ಥಿಗಳ ಮಾಹಿತಿ ಯಾವುದು, ಅದು ಎಲ್ಲಿದೆ, ಯಾರ ಕೈಗೆ ಸಿಗುತ್ತದೆ, ಯಾವುದನ್ನು ಅಳಿಸಬಹುದು ಎಂದು ಪಟ್ಟಿ ಮಾಡಬೇಕಾಗುತ್ತದೆ. ಮೂಡಿಗೆರೆ, ಕಳಸದಂಥ ಕಡೆ ಅದನ್ನು ಮಾಡಲು ಒಬ್ಬ ತರಬೇತಾದ ಸಿಬ್ಬಂದಿ, ಒಂದಿಷ್ಟು ಹಣ, ನಿಲ್ಲದ ನೆಟ್ ಸಂಪರ್ಕ ಬೇಕು. ಅವನ್ನು ಒದಗಿಸಬೇಕಾದ್ದು ಕಾಲೇಜು ಶಿಕ್ಷಣ ಇಲಾಖೆ ಮತ್ತು ವಿಶ್ವವಿದ್ಯಾಲಯಗಳು.